ಹಬೆ ಬಂತು, ನಿದ್ದೆ ಹೋಯ್ತು: ಸ್ಟೀಮ್ ಟ್ರಾಲರ್ ಬಗ್ಗೆ ನೀವು ಕೇಳಿದ್ದು

ಹೋದ ಸಂಚಿಕೇಲಿ ಇಂಗ್ಲೆಂಡಿನ ಹಳೇ ಸ್ಟೀಮ್ ಟ್ರಾಲರ್ ಒಂದರ ಫೋಟೋ ಹಾಕಿ ಕೆಳಗೆ ಎರಡೇ ಸಾಲು ಬರೆದಿದ್ದೆ, ಇದು ಕಲ್ಲಿದ್ದಲಲ್ಲಿ ಓಡ್ತಿದ್ದ ಮೀನು ಹಿಡಿಯೋ ಹಡಗು, ಹಬೆ ಬಂದ್ಮೇಲೆ ಇದರಲ್ಲಿದ್ದೋರ ನಿದ್ದೆ ಹೋಯ್ತು ಅಂತ. ಅಷ್ಟಕ್ಕೇ ಇಷ್ಟು ಪತ್ರ ಬರುತ್ತೆ ಅಂದ್ಕೊಂಡಿರಲಿಲ್ಲ. ನಾನು ಹಡಗಿನ ಇಂಜಿನ್ ರೂಮಲ್ಲೇ ತಲೆ ಹಣ್ಣು ಮಾಡ್ಕೊಂಡವನು, ಆದ್ರೆ ಡೀಸೆಲ್ ಕಾಲದೋನು, ಸಲಿಕೆ ಹಿಡಿದೋನಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ.

ಪ್ರಶ್ನೆ: ಸರ್, ನಾನು ಹೈಸ್ಕೂಲ್ ಮೇಷ್ಟ್ರು. ಯಂತ್ರ ಬಂದ್ರೆ ಮನುಷ್ಯನಿಗೆ ಕೆಲಸ ಕಮ್ಮಿ ಆಗ್ಬೇಕಲ್ವಾ? ನಿದ್ದೆ ಹೋಯ್ತು ಅಂತೀರಲ್ಲ, ಅದ್ಹೇಗೆ?

ಮೇಷ್ಟ್ರೇ, ಸರಿಯಾದ ಕಡೆಗೇ ಕೈ ಹಾಕಿದ್ರಿ. ಹಬೆಗಿಂತ ಮುಂಚೆ ಉತ್ತರ ಸಮುದ್ರದಲ್ಲಿ ಮೀನು ಹಿಡೀತಿದ್ದಿದ್ದು ಸ್ಮ್ಯಾಕ್ ಅನ್ನೋ ಹಾಯಿ ದೋಣಿಗಳು. ತಳಕ್ಕೆ ಬಿಟ್ಟ ಬಲೇನ, ಅಂದ್ರೆ ಟ್ರಾಲ್ ಬಲೇನ, ಎಳೆಯೋದು ಗಾಳಿ. ಗಾಳಿ ಬಿದ್ರೆ ದೋಣಿ ನಿಲ್ಲೋದು, ದೋಣಿ ನಿಂತ್ರೆ ಬಲೆ ನಿಲ್ಲೋದು, ಬಲೆ ನಿಂತ್ರೆ ಜನ ಅಲ್ಲೇ ಹಗ್ಗದ ಸುರುಳಿ ಮೇಲೆ ಒರಗೋರು. ಕಷ್ಟ ಇರಲಿಲ್ಲ ಅಂತಲ್ಲ, ಬೇಕಾದಷ್ಟಿತ್ತು, ಆದ್ರೆ ಗಾಳಿ ಆಗಾಗ ತಾನೇ ರಜ ಕೊಡ್ತಿತ್ತು. 1877ರಲ್ಲಿ ನಾರ್ತ್ ಶೀಲ್ಡ್ಸ್‌ನ ವಿಲಿಯಂ ಪರ್ಡಿ ಅನ್ನೋರು ತಮ್ಮ 'ಮೆಸೆಂಜರ್' ಅನ್ನೋ ಪ್ಯಾಡಲ್ ಟಗ್‌ಗೆ, ಅಂದ್ರೆ ಬೇರೆ ಹಡಗು ಎಳೆಯೋ ಚಕ್ರದ ಹಬೆ ದೋಣಿಗೆ, ಮೀನಿನ ಬಲೆ ಕಟ್ಟಿ ನೋಡಿದ್ರು. ಜನ ನಕ್ಕರಂತೆ, ಆಮೇಲೆ ಮೀನು ನೋಡಿ ಅವರೂ ಶುರು ಹಚ್ಕೊಂಡ್ರಂತೆ. 1881ರಲ್ಲಿ ಗ್ರಿಮ್ಸ್‌ಬಿ ಬಂದರಿನ ಕಂಪನಿಯೊಂದು 'ಝೋಡಿಯಾಕ್' ಅನ್ನೋ ಹಡಗನ್ನ ಹಲ್ ಅನ್ನೋ ಇನ್ನೊಂದು ಬಂದರಲ್ಲಿ ಕಟ್ಟಿಸ್ತು, ಟ್ರಾಲ್ ಬಲೆ ಎಳೆಯೋಕೆ ಅಂತಲೇ ಕಟ್ಟಿದ ಸ್ಕ್ರೂ ಪ್ರೊಪೆಲ್ಲರ್ ಸ್ಟೀಮರ್‌ಗಳಲ್ಲಿ ಇಂಗ್ಲೆಂಡಿಗೆ ಅದೇ ಮೊದಲನೇದು ಅಂತಾರೆ.

ಈಗ ಮಾಲೀಕನ ಕಡೆಯಿಂದ ನೋಡಿ. ಗಾಳಿಗೆ ದುಡ್ಡು ಕೊಡ್ಬೇಕಾಗಿರಲಿಲ್ಲ. ಕಲ್ಲಿದ್ದಲಿಗೆ ಕೊಡ್ಬೇಕು, ಮತ್ತೆ ಬಾಯ್ಲರ್ ಅನ್ನೋದು ಬಲೆ ನೀರಲ್ಲಿದ್ರೂ ತಿನ್ನುತ್ತೆ, ಮೇಲಿದ್ರೂ ತಿನ್ನುತ್ತೆ. ಹಾಗಾಗಿ ಬಲೆ ನೀರಲ್ಲಿಲ್ಲದ ಒಂದೊಂದು ಗಂಟೆನೂ ನಷ್ಟದ ಲೆಕ್ಕಕ್ಕೆ ಹೋಯ್ತು. ಇಂಜಿನ್ನಿಗೆ ಸುಸ್ತಾಗಲ್ಲ, ಗಾಳಿ ಬೀಳೋ ಪ್ರಶ್ನೆನೇ ಇಲ್ಲ, ಇನ್ನು ನಿಲ್ಲಿಸೋಕೆ ನೆಪ ಎಲ್ಲಿಂದ ತರೋದು?

ಪ್ರಶ್ನೆ: ಟ್ರಾಲ್ ಬಲೆ ಬಾಯಿ ನೀರಲ್ಲಿ ಹೇಗೆ ತೆರೆದಿರುತ್ತೆ? ಎಳೀತಾ ಹೋದ್ರೆ ಮುಚ್ಕೋಬೇಕಲ್ವಾ?

ಮೊದಮೊದಲು ಬಾಯಿಗೆ ಒಂದು ಉದ್ದನೆ ಮರದ ತೊಲೆ ಕಟ್ತಿದ್ರು, ನಲವತ್ತು ಐವತ್ತು ಅಡಿ ಇರೋದು, ಅದರ ಎರಡು ತುದಿಗೂ ಕಬ್ಬಿಣದ ಚೌಕಟ್ಟು. ತೊಲೆ ಉದ್ದ ಎಷ್ಟೋ ಬಾಯಿ ಅಷ್ಟೇ. 1894ರ ಹೊತ್ತಿಗೆ ಸ್ಕಾಟ್ಲೆಂಡಿನ ಗ್ರಾಂಟನ್‌ನ ಸ್ಕಾಟ್ ಅನ್ನೋರು ಆಟರ್ ಬೋರ್ಡಿಗೆ ಪೇಟೆಂಟ್ ಮಾಡಿಸಿದ್ರು. ಕಬ್ಬಿಣದ ಪಟ್ಟಿ ಹೊಡೆದ ಎರಡು ದೊಡ್ಡ ಹಲಗೆ, ಬಲೆಯ ಎರಡು ಪಕ್ಕಕ್ಕೆ ಒಂದೊಂದು, ಓರೆಯಾಗಿ ಕಟ್ಟಿರ್ತಾರೆ. ಗಾಳಿಪಟ ಗಾಳೀಲಿ ಓರೆ ನಿಂತು ಮೇಲೇರುತ್ತಲ್ಲ, ಹಾಗೆ ಇವು ನೀರಲ್ಲಿ ಓರೆ ನಿಂತು ಒಂದು ಎಡಕ್ಕೆ ಒಂದು ಬಲಕ್ಕೆ ದೂರ ಓಡ್ತವೆ, ನಡುವೆ ಬಲೆ ಬಾಯಿ ಅಗಲ ಆಗುತ್ತೆ. ಆದ್ರೆ ಒಂದೇ ಸಮ ವೇಗ ಇದ್ರೆ ಮಾತ್ರ ಈ ಆಟ ನಡೆಯೋದು, ನಿಧಾನ ಆದ್ರೆ ಹಲಗೆ ಬಿದ್ದುಹೋಗ್ತವೆ. ಹಾಯಿಗೆ ಆ ಭರವಸೆ ಇಲ್ಲ, ಹಬೆಗೆ ಇದೆ. ಅದಕ್ಕೇ ಕೆಲವೇ ವರ್ಷದಲ್ಲಿ ಸ್ಟೀಮ್ ಟ್ರಾಲರ್‌ಗಳು ತೊಲೆ ಬಿಟ್ಟು ಹಲಗೆ ಹಿಡಿದ್ವು.

ಪ್ರಶ್ನೆ: ಅಲ್ಲಿ ಒಂದು ದಿನ ಅಂದ್ರೆ ಹೇಗಿರ್ತಿತ್ತು? ಬೆಳಿಗ್ಗೆ ಎಷ್ಟಕ್ಕೆ ಏಳೋರು?

ಏಳೋದಕ್ಕೆ ಮೊದಲು ಮಲಗಿರ್ಬೇಕಲ್ಲ! ತಮಾಷೆ ಬಿಡಿ. ಅಲ್ಲಿ ಗಡಿಯಾರ ಲೆಕ್ಕಕ್ಕಿಲ್ಲ, ದಿನ ನಡೆಯೋದು ಬಲೆ ಲೆಕ್ಕದಲ್ಲಿ. ಬಲೆ ಬಿಡೋದು, ಎರಡು ಮೂರು ಗಂಟೆ ಎಳೆಯೋದು, ಎತ್ತೋದು, ಖಾಲಿ ಮಾಡೋದು, ತಿರುಗಾ ಬಿಡೋದು. ಹಗಲೂ ಇದೇ, ರಾತ್ರಿನೂ ಇದೇ.

ಸ್ಕಿಪ್ಪರ್, ನಮ್ಮ ಕರಾವಳಿಯವರ ಮಾತಲ್ಲಿ ತಾಂಡೇಲ, ಅವನು ಮೇಲೆ ವೀಲ್‌ಹೌಸಲ್ಲಿ, ಅಂದ್ರೆ ಹಡಗು ನಡೆಸೋ ಕೋಣೇಲಿ. ಎಲ್ಲಿ ಬಲೆ ಬಿಡ್ಬೇಕು ಅನ್ನೋದು ಅವನೊಬ್ಬನ ತೀರ್ಮಾನ. ಶಬ್ದ ಕಳಿಸಿ ಆಳ ಅಳೆಯೋ ಎಕೋ ಸೌಂಡರ್ ಬರೋ ಮುಂಚೆ ಸೀಸದ ಗುಂಡಿನ ಅಡೀಲಿ ಇರೋ ಕುಳೀಗೆ ಪ್ರಾಣಿ ಕೊಬ್ಬು ಮೆತ್ತಿ ಹಗ್ಗದಲ್ಲಿ ತಳಕ್ಕೆ ಬಿಡೋರು, ಮೇಲೆ ಬಂದಾಗ ಅದಕ್ಕೆ ಮರಳು ಅಂಟಿದ್ಯಾ, ಚಿಪ್ಪಿನ ಚೂರಾ, ಕೆಸರಾ ಅಂತ ಬೆರಳಲ್ಲಿ ಉಜ್ಜಿ ನೋಡಿ ನಾವೀಗ ಇಂಥ ಜಾಗದಲ್ಲಿದ್ದೀವಿ ಅಂತ ಹೇಳ್ತಿದ್ದ ಹಳೇ ಸ್ಕಿಪ್ಪರ್‌ಗಳಿದ್ರು. ನನಗಂತೂ ಇದಕ್ಕಿಂತ ಚೆಂದದ ಯಂತ್ರ ಇನ್ನೊಂದು ಗೊತ್ತಿಲ್ಲ.

ಈಗಿನ ಟ್ರಾಲರ್ ಹಿಂದುಗಡೆಯಿಂದ ಬಲೆ ಎಳ್ಕೊಳ್ಳುತ್ತೆ, ಆಗಿನವು ಪಕ್ಕದಿಂದ. ಪಕ್ಕದಲ್ಲಿ ಮುಂದೊಂದು ಹಿಂದೊಂದು ಕಬ್ಬಿಣದ ಕಮಾನು, ಅದನ್ನ ಗ್ಯಾಲೋಸ್ ಅನ್ನೋರು, ಅಂದ್ರೆ ಗಲ್ಲುಕಂಬ, ಹೆಸರು ಇಟ್ಟೋನಿಗೆ ದೊಡ್ಡ ನಮಸ್ಕಾರ. ಎತ್ತೋ ಹೊತ್ತಾದಾಗ ಹಡಗು ತಿರುಗಿಸಿ ಗಾಳಿ ಬಲೆ ಕಡೆಯಿಂದ ಬರೋ ಹಾಗೆ ನಿಲ್ಲಿಸ್ಬೇಕು, ಇಲ್ಲಾಂದ್ರೆ ಹಡಗು ತನ್ನ ಬಲೆ ಮೇಲೇ ತಾನು ತೇಲಿ ಹೋಗುತ್ತೆ. ಅಂದ್ರೆ ಜನ ನಿಂತು ಕೆಲಸ ಮಾಡೋ ಪಕ್ಕಕ್ಕೇ ಗಾಳಿ, ಅದೇ ಪಕ್ಕಕ್ಕೇ ಅಲೆ. ಸ್ಟೀಮ್ ವಿಂಚು ಉಕ್ಕಿನ ಹಗ್ಗ ಸುತ್ತುತ್ತೆ, ಬೋರ್ಡುಗಳು ಬಂದು ಗ್ಯಾಲೋಸಿಗೆ ಢಣ್ ಅಂತ ಹೊಡೀತವೆ, ಸರಪಳಿ ಹಾಕಿ ಬಿಗೀತಾರೆ. ಆಮೇಲೆ ಬಲೇನ ಕೈಯಲ್ಲೇ ಎಳೀಬೇಕು, ಎಲ್ಲರೂ ಕಟಾಂಜನಕ್ಕೆ ಮೊಣಕಾಲು ಕೊಟ್ಟು ಬಗ್ಗಿ ನಿಂತು, ಹಡಗು ಆ ಕಡೆ ವಾಲಿದಾಗ ಸಡಿಲ ಆದ ಬಲೇನ ಬಾಚ್ಕೊಳ್ಳೋದು, ಈ ಕಡೆ ಎದ್ದಾಗ ಹಿಡ್ಕೊಂಡು ನಿಲ್ಲೋದು, ಒಬ್ಬ ತಾಳ ತಪ್ಪಿದ್ರೂ ಬಲೆ ಜೊತೆ ನೀರಿಗೆ.

ಕೊನೇಗೆ ಬಲೆಯ ಬಾಲ, ಕಾಡ್ ಎಂಡ್ ಅಂತಾರೆ, ಮೀನು ತುಂಬಿದ ಚೀಲ, ಅದನ್ನ ಕಪ್ಪಿ ಹಗ್ಗದಲ್ಲಿ ಡೆಕ್ ಮೇಲಕ್ಕೆ ಎತ್ತಿ ನೇತಾಡಿಸ್ತಾರೆ. ಮೇಟ್, ಅಂದ್ರೆ ಸ್ಕಿಪ್ಪರ್ ನಂತರದ ಯಜಮಾನ, ಅದರ ಅಡಿಗೆ ನುಗ್ಗಿ ಗಂಟು ಎಳೆದು ಹಾರಿ ಆಚೆ ಬರ್ಬೇಕು. ಗಂಟು ಬಿಚ್ಚಿದ್ರೆ ಮೀನೆಲ್ಲ ಜರ್ರನೆ ಡೆಕ್ ಮೇಲೆ, ಅಲ್ಲಿ ಹಲಗೆ ಅಡ್ಡ ಇಟ್ಟು ತೊಟ್ಟಿ ಥರ ಮಾಡಿರ್ತಾರೆ. ಆ ಗಂಟನ್ನ ತಿರುಗಾ ಕಟ್ಟಿ ಬಲೆ ನೀರಿಗೆ ಬಿಟ್ಟಾದ ಮೇಲೇ ಮೀನಿನ ಕಡೆ ನೋಡೋದು.

ನಿದ್ದೆ ಸಮಾಚಾರ ಇಲ್ಲೇ ಇರೋದು. ಮುಂದಿನ ಬಲೆ ಬರೋಕೆ ಎರಡು ಮೂರು ಗಂಟೆ ಇದೆ. ಅಷ್ಟರೊಳಗೆ ಬಿದ್ದಿರೋ ಮೀನು ಒಂದೊಂದನ್ನೂ ಎತ್ಕೊಂಡು ಹೊಟ್ಟೆ ಸೀಳಿ ಕರುಳು ತೆಗೆದು, ಲಿವರ್ ಬೇರೆ ಬುಟ್ಟಿಗೆ ಹಾಕಿ, ತೊಳೆದು ಕೆಳಗೆ ಐಸ್ ರೂಮಿಗೆ ಇಳಿಸ್ಬೇಕು. ಮೀನು ಕಮ್ಮಿ ಬಿದ್ರೆ ಬೇಗ ಮುಗಿಯುತ್ತೆ, ಒಂದರ್ಧ ಗಂಟೆ ಬಂಕಲ್ಲಿ ಬೂಟು ಸಮೇತ ಒರಗಬಹುದು. ಮೀನು ಚೆನ್ನಾಗಿ ಬಿದ್ರೆ ಹೋದ ಬಲೆ ಮೀನು ಮುಗಿಯೋಕೆ ಮುಂಚೆನೇ ಈ ಬಲೆ ಮೇಲೆ ಬಂತು! ಅದೃಷ್ಟ ಕುದುರಿದಷ್ಟೂ ನಿದ್ದೆ ಇಲ್ಲ. ದೂರದ ಸಮುದ್ರಕ್ಕೆ, ಐಸ್‌ಲ್ಯಾಂಡು, ಬ್ಯಾರೆಂಟ್ಸ್ ಸಮುದ್ರ, ಬೇರ್ ಐಲೆಂಡ್ ಕಡೆಗೆ ಹೋಗ್ತಿದ್ದ ಟ್ರಾಲರ್‌ಗಳಲ್ಲಿ ಹದಿನೆಂಟು ಗಂಟೆ ಕೆಲಸ ಆರು ಗಂಟೆ ವಿಶ್ರಾಂತಿ ಅನ್ನೋದೇ ಆಮೇಲೆ ಹೋರಾಡಿ ತಗೊಂಡ ಸೌಲಭ್ಯ, ಅಂದ್ರೆ ಅದಕ್ಕೆ ಮುಂಚೆ ಹೇಗಿತ್ತು ಅಂತ ನೀವೇ ಲೆಕ್ಕ ಹಾಕ್ಕೊಳ್ಳಿ. ನಿಂತಲ್ಲೇ ಚಾಕು ಹಿಡ್ಕೊಂಡು ತೂಕಡಿಸೋರು. ಎಣ್ಣೆಬಟ್ಟೆಯ ತೋಳು ಉಪ್ಪುನೀರಲ್ಲಿ ಉಜ್ಜಿ ಉಜ್ಜಿ ಮಣಿಕಟ್ಟು ಸುತ್ತ ಕುರು ಏಳೋದು, ಅದು ವಾಸಿ ಆಗೋದು ದಡಕ್ಕೆ ಬಂದ್ಮೇಲೇ.

ಇಷ್ಟರ ಮಧ್ಯೆ ಬಲೆ ಬಂಡೆಗೆ ಸಿಕ್ಕಿ ಹರೀತು ಅಂದ್ಕೊಳ್ಳಿ, ಆಗ ದೊಡ್ಡ ಮರದ ಸೂಜಿ ತಗೊಂಡು ಎಲ್ಲರೂ ಡೆಕ್ ಮೇಲೇ ಕೂತು ಹೆಣೀಬೇಕು, ಎಂಥಾ ಚಳಿ ಇದ್ರೂ ಬರಿಗೈಯಲ್ಲೇ, ಗ್ಲೌಸ್ ಹಾಕ್ಕೊಂಡ್ರೆ ಗಂಟು ಬೀಳಲ್ಲ.

ಪ್ರಶ್ನೆ: ನಾನು ರೈಲ್ವೇಲಿ ಸ್ಟೀಮ್ ಇಂಜಿನ್ ಫೈರ್‌ಮನ್ ಆಗಿದ್ದವನು, ಈಗ ಎಂಬತ್ತರ ಮೇಲಾಯ್ತು. ಹಡಗಲ್ಲಿ ನಮ್ಮಂಥೋರ ಗತಿ ಏನು?

ಯಜಮಾನ್ರೇ, ನಿಮಗೆ ಸ್ಟೇಷನ್ ಬಂದ್ರೆ ಸ್ವಲ್ಪ ಗಾಳಿ ಸಿಗ್ತಿತ್ತು, ಇವರಿಗೆ ಅದೂ ಇಲ್ಲ. ಸಾಮಾನ್ಯವಾಗಿ ಮೂರು ಸಿಲಿಂಡರಿನ ಟ್ರಿಪಲ್ ಎಕ್ಸ್‌ಪ್ಯಾನ್ಷನ್ ಇಂಜಿನ್, ಹಬೆ ಮೊದಲು ಸಣ್ಣ ಸಿಲಿಂಡರಲ್ಲಿ ಕೆಲಸ ಮಾಡಿ, ಒತ್ತಡ ಇಳಿದ ಮೇಲೆ ಅದಕ್ಕಿಂತ ದೊಡ್ಡದರಲ್ಲಿ, ಆಮೇಲೆ ಇನ್ನೂ ದೊಡ್ಡದರಲ್ಲಿ. ಕೊನೇಗೆ ಕಂಡೆನ್ಸರಲ್ಲಿ ತಣ್ಣಗಾಗಿ ನೀರಾಗಿ ವಾಪಸ್ ಬಾಯ್ಲರಿಗೆ, ಯಾಕಂದ್ರೆ ಬಾಯ್ಲರಿಗೆ ಸಮುದ್ರದ ನೀರು ಕೊಟ್ರೆ ಒಳಗೆ ಉಪ್ಪು ಕಟ್ಟಿ ಕೆಟ್ಟುಹೋಗುತ್ತೆ. ನಿಮ್ಮ ರೈಲು ಹಬೇನ ಚಿಮಣೀಲಿ ಊದಿಬಿಡುತ್ತೆ, ಇಲ್ಲಿ ಹನಿ ಹನಿಗೂ ಲೆಕ್ಕ.

ಚೀಫ್, ಸೆಕೆಂಡ್ ಅಂತ ಇಬ್ಬರು ಇಂಜಿನಿಯರ್, ಅವರ ಕೆಳಗೆ ಬೆಂಕಿಗೆ ಹಾಕೋನು, ಕಲ್ಲಿದ್ದಲು ಎಳೆದು ತರೋ ಟ್ರಿಮ್ಮರ್. ಸಣ್ಣ ಹಡಗಲ್ಲಿ ಈ ಎರಡು ಕೆಲಸನೂ ಒಬ್ಬನೇ ಮಾಡೋನು. ಟ್ರಿಮ್ಮರ್ ಕೆಲಸ ಅಂದ್ರೆ ಬಂಕರ್ ಅನ್ನೋ ಕತ್ತಲೆ ಕೋಣೇಲಿ ದೂಳು ಕುಡೀತಾ ಕಲ್ಲಿದ್ದಲನ್ನ ಒಲೆ ಬಾಯಿಗೆ ತಲುಪಿಸೋದು, ಪಯಣ ಶುರುವಾದಾಗ ಕಲ್ಲಿದ್ದಲು ಹತ್ತಿರ ಇರುತ್ತೆ, ಖರ್ಚಾದಂತೆ ದೂರ ಹೋಗ್ತಾ ಹೋಗುತ್ತೆ. ಹಡಗು ತೊನೀತಿರೋವಾಗ ಒಲೆ ಬಾಗಿಲು ತೆಗೆದು ಕಿಟ್ಟ ಕೆದಕಿ, ಬೂದಿನ ಬಕೆಟ್ಟಲ್ಲಿ ಮೇಲೆ ಸೇದಿ ಸಮುದ್ರಕ್ಕೆ ಸುರೀಬೇಕು. ಐಸ್‌ಲ್ಯಾಂಡ್ ಕಡೆ ಹೋಗೋ ಹಡಗುಗಳು ಬಂಕರ್ ಸಾಲದೆ ಮೀನು ಇಡೋ ರೂಮಲ್ಲೂ ಕಲ್ಲಿದ್ದಲು ತುಂಬ್ಕೊಂಡು ಹೊರಡೋವು, ಹೋಗ್ತಾ ಅದನ್ನೇ ಮೊದಲು ಉರಿಸಿ, ಆ ಜಾಗ ತೊಳೆದು, ಮೀನಿಗೆ ಬಿಟ್ಕೊಡೋರು. ಡೆಕ್ ಮೇಲಿನೋರು ಇವರನ್ನ ಬೆಚ್ಚಗಿದ್ದೀರಪ್ಪಾ ಅಂತ ಹಂಗಿಸೋರು, ಇವರು ಅವರನ್ನ ಗಾಳಿ ಕುಡೀತೀರಪ್ಪಾ ಅಂತ.

ಪ್ರಶ್ನೆ: ಫೋಟೋದಲ್ಲಿ ಹಡಗಿನ ಪಕ್ಕ ಸಣ್ಣ ಹುಟ್ಟು ದೋಣೀಲಿ ಪೆಟ್ಟಿಗೆ ಇದ್ದವು. ಅದೇನು?

ಅದು ಫ್ಲೀಟಿಂಗ್ ಅನ್ನೋ ಪದ್ಧತಿ. ಹಲ್ ಬಂದರಿನ ಕೆಲವು ಕಂಪನಿಗಳು ಹತ್ತಾರು ಟ್ರಾಲರ್‌ಗಳನ್ನ ಒಟ್ಟಿಗೆ ಉತ್ತರ ಸಮುದ್ರಕ್ಕೆ ಕಳಿಸೋವು. ಅವರಲ್ಲಿ ಅನುಭವಸ್ಥ ಸ್ಕಿಪ್ಪರ್ ಒಬ್ಬನಿಗೆ 'ಅಡ್ಮಿರಲ್' ಅಂತ ಪಟ್ಟ, ಅವನು ಹಗಲು ಬಾವುಟದಲ್ಲಿ, ರಾತ್ರಿ ಬಾಣಬಿರುಸಲ್ಲಿ ಸನ್ನೆ ಕೊಟ್ರೆ ಎಲ್ಲರೂ ಬಲೆ ಬಿಡೋದು, ಎತ್ತೋದು. ಹಿಡಿದ ಮೀನನ್ನ ಪೆಟ್ಟಿಗೇಲಿ ತುಂಬಿ ಹುಟ್ಟು ದೋಣಿಗೆ ಹಾಕ್ಕೊಂಡು ಎರಡು ಮೂರು ಜನ ಹುಟ್ಟು ಹಾಕ್ತಾ ಹೋಗಿ ಕಟರ್ ಅನ್ನೋ ವೇಗದ ಸ್ಟೀಮರಿಗೆ ದಾಟಿಸ್ಬೇಕು, ಅದು ಲಂಡನ್ನಿನ ಬಿಲ್ಲಿಂಗ್ಸ್‌ಗೇಟ್ ಮಾರ್ಕೆಟ್ಟಿಗೆ ಓಡುತ್ತೆ. ಟ್ರಾಲರ್ ಮಾತ್ರ ಐದಾರು ವಾರ ಅಲ್ಲೇ. ಮೀನಿಗೆ ದಿನಾ ಊರಿಗೆ ಹೋಗೋ ಭಾಗ್ಯ, ಹಿಡಿದೋನಿಗಿಲ್ಲ. ಆ ಹುಟ್ಟು ದೋಣಿಗಳು ಅಲೇಲಿ ಮಗುಚಿ ಎಷ್ಟೋ ಜನ ಸತ್ತರು, ನನ್ನ ಕೇಳಿದ್ರೆ ಇಡೀ ಉದ್ಯಮದಲ್ಲಿ ಸಮರ್ಥನೆನೇ ಇಲ್ಲದ ಕೆಲಸ ಅಂದ್ರೆ ಇದು. ಹಲ್‌ನಲ್ಲಿ ಅದು 1930ರ ದಶಕದ ನಡುವಿನ ತನಕ ನಡೀತು.

ಪ್ರಶ್ನೆ: ಸಂಬಳ ಚೆನ್ನಾಗಿತ್ತಾ?

ಯಾರಿಗೆ ಅನ್ನೋದರ ಮೇಲೆ ಹೋಗುತ್ತೆ. ಸ್ಕಿಪ್ಪರ್‌ಗೂ ಮೇಟ್‌ಗೂ ಪಾಲು. ಮೀನು ಹರಾಜಾಗಿ ಬಂದ ದುಡ್ಡಲ್ಲಿ ಕಲ್ಲಿದ್ದಲು, ಐಸು, ಊಟದ ಸಾಮಾನು ಎಲ್ಲ ಕಳೆದು ಉಳಿದಿದ್ರಲ್ಲಿ ಪಾಲು, ಉಳೀಲಿಲ್ಲ ಅಂದ್ರೆ ಮೂರು ವಾರದ ದುಡಿಮೆಗೆ ಸೊನ್ನೆ, ಕೆಲವು ಸಲ ಸಾಲ. ಡೆಕ್ ಕೆಲಸದೋರಿಗೆ ವಾರದ ಕೂಲಿ, ಜೊತೆಗೆ ಮಾರಾಟದ ಮೇಲೆ ಸಣ್ಣ ಕಮಿಷನ್ನು, ಮತ್ತೆ ಲಿವರ್ ದುಡ್ಡು. ಕಾಡ್ ಮೀನಿನ ಲಿವರನ್ನ ಹಡಗಿನ ಹಿಂಭಾಗದಲ್ಲಿ ಹಬೇಲೇ ಬೇಯಿಸಿ ಎಣ್ಣೆ ತೆಗೆಯೋರು, ಅದು ಮಾರಿ ಬಂದಿದ್ದನ್ನ ಹಂಚ್ಕೊಳ್ಳೋರು. ಚಿಕ್ಕಂದಿನಲ್ಲಿ ಮೂಗು ಹಿಡಿದು ಬಾಯಿಗೆ ಹುಯ್ಯಿಸಿಕೊಂಡೋರಿಗೆ ಆ ಎಣ್ಣೆ ಯಾವುದು ಅಂತ ನಾನು ಹೇಳ್ಬೇಕಾಗಿಲ್ಲ.

ಬಂದರಿಗೆ ಬಂದ್ರೆ ಮೀನು ಇಳಿಸೋಕೆ ಬೇರೆ ಜನ, ಹಲ್‌ನಲ್ಲಿ ಬಾಬರ್ಸ್ ಅಂತ, ಗ್ರಿಮ್ಸ್‌ಬೀಲಿ ಲಂಪರ್ಸ್ ಅಂತ. ಇವರು ರಾತ್ರಿಯಿಡೀ ಇಳಿಸಿ ಬೆಳಿಗ್ಗೆ ಹರಾಜಿಗೆ ಜೋಡಿಸೋರು. ಹಡಗಿನೋರಿಗೆ ಎರಡೋ ಮೂರೋ ದಿನ ಮನೆ, ಆಮೇಲೆ ಮುಂದಿನ ಭರತಕ್ಕೆ ಹೊರಡೋದೇ. ಅದಕ್ಕೇ ಅವರನ್ನ 'ಮೂರು ದಿನದ ಮಿಲಿಯನೇರ್' ಅಂತ ಕರೆಯೋರು, ಮೂರು ದಿನಕ್ಕೂ ಟ್ಯಾಕ್ಸಿ ಗೊತ್ತು ಮಾಡಿ ಪಬ್ಬಿನ ಬಾಗಿಲಲ್ಲಿ ನಿಲ್ಲಿಸ್ಕೊಳ್ಳೋರಂತೆ. ಬೈಯೋಕೆ ನನಗಂತೂ ಮನಸ್ಸು ಬರಲ್ಲ.

ಪ್ರಶ್ನೆ: ಅಂಕಲ್, ನಾನು ಪಿಯುಸಿ ಓದ್ತಿದ್ದೀನಿ. ಹೆಂಗಸರಿಗೆ ಇದರಲ್ಲಿ ಕೆಲಸ ಇರಲಿಲ್ವಾ?

ಇತ್ತಮ್ಮಾ, ಹಡಗಲ್ಲಿ ಅಲ್ಲ, ದಡದಲ್ಲಿ. ಬಲೆ ಹೆಣೀತಿದ್ದೋರು ಬಹುಪಾಲು ಅವರೇ, ಕಾರ್ಖಾನೇಲೂ, ಮನೆ ಹಿಂಬಾಗಿಲಿಗೆ ಕೋಲು ಕಟ್ಕೊಂಡೂ. ಹಡಗಿನ ಹತ್ತಿರ ಮಾತ್ರ ಸುಳಿಯೋ ಹಾಗಿಲ್ಲ. ಹಲ್‌ನಲ್ಲಿ ಬೆಸ್ತರ ಮನೆಗಳಿದ್ದ ಹೆಸಲ್ ರೋಡ್ ಕಡೆ ಗಂಡನ್ನ ಬೀಳ್ಕೊಡೋಕೆ ಹೆಂಡತಿ ಡಾಕ್‌ಗೆ ಹೋಗಬಾರದು, ಅವನು ಹೊರಡೋ ದಿನ ಬಟ್ಟೆ ಒಗೀಬಾರದು, ಒಗೆದ್ರೆ ಅವನೂ ನೀರಲ್ಲಿ ಕೊಚ್ಚಿ ಹೋಗ್ತಾನೆ ಅಂತ ನಂಬಿಕೆ. ಹಡಗಲ್ಲಿ ಹಂದಿ ಅನ್ನೋ ಮಾತು ಎತ್ತೋ ಹಾಗಿಲ್ಲ, ಹಸಿರು ಬಣ್ಣ ಆಗಲ್ಲ. ನಗಬೇಡ, ವಾಪಸ್ ಬರ್ತಾನೋ ಇಲ್ವೋ ಗೊತ್ತಿಲ್ಲದ ಮನೇಲಿ ಒಗೆಯೋ ಬಟ್ಟೆ ನಾಳೆಗಿರಲಿ ಅನ್ನೋದು ಯಾರಿಗೂ ಭಾರ ಅಲ್ಲ.

ಪ್ರಶ್ನೆ: ಮೀನು ಹಿಡಿಯೋರ ಮೇಲೆ ರಷ್ಯಾ ಯುದ್ಧ ಮಾಡಿತ್ತಂತೆ, ನಿಜವಾ?

ಯುದ್ಧ ಅಲ್ಲ, ಗಾಬರಿ. 1904ರ ಅಕ್ಟೋಬರ್ 21ರ ರಾತ್ರಿ ಉತ್ತರ ಸಮುದ್ರದಲ್ಲಿ ಆಳ ಕಮ್ಮಿ ಇರೋ ಡಾಗರ್ ಬ್ಯಾಂಕ್ ಅನ್ನೋ ಜಾಗದಲ್ಲಿ ಹಲ್‌ನ ಟ್ರಾಲರ್‌ಗಳು ಬಲೆ ಬಿಟ್ಕೊಂಡಿದ್ವು. ಜಪಾನಿನ ಮೇಲೆ ಯುದ್ಧಕ್ಕೆ ಹೊರಟಿದ್ದ ರಷ್ಯಾದ ಬಾಲ್ಟಿಕ್ ನೌಕಾಪಡೆ ಆ ಕಡೆ ಬಂತು, ಇವನ್ನ ಜಪಾನಿನ ಟಾರ್ಪಿಡೋ ದೋಣಿ ಅಂತ ತಿಳ್ಕೊಂಡು ಗುಂಡು ಸುರೀತು. ಜಪಾನಿನೋರು ಅಲ್ಲಿಗ್ಯಾಕೆ ಬರ್ತಾರೆ ಅಂತ ಕೇಳಬೇಡಿ. ಬಲೆ ತಳದಲ್ಲಿತ್ತು, ಓಡೋಕೂ ಆಗಲಿಲ್ಲ, ಕೆಲವರು ಮೀನು ಎತ್ತಿ ತೋರಿಸಿದ್ರಂತೆ ನಾವು ಬೆಸ್ತರು ಕಣ್ರಪ್ಪಾ ಅಂತ. 'ಕ್ರೇನ್' ಅನ್ನೋ ಟ್ರಾಲರ್ ಮುಳುಗ್ತು, ಅದರ ಸ್ಕಿಪ್ಪರ್ ಸೇರಿ ಇಬ್ಬರು ಅಲ್ಲೇ ಸತ್ತರು. ಪ್ಯಾರಿಸ್ಸಲ್ಲಿ ಅಂತಾರಾಷ್ಟ್ರೀಯ ವಿಚಾರಣೆ ನಡೆದು ರಷ್ಯಾ 66,000 ಪೌಂಡ್ ಪರಿಹಾರ ಕೊಡ್ತು. ಹೆಸಲ್ ರೋಡಲ್ಲಿ ಈಗಲೂ ಸ್ಮಾರಕ ಇದೆ.

ನಿಜವಾದ ಯುದ್ಧ ಬಂದಾಗ ಬ್ರಿಟಿಷ್ ನೌಕಾಪಡೆನೇ ಇವರ ಮನೆ ಬಾಗಿಲಿಗೆ ಬಂತು. ಸಮುದ್ರದಲ್ಲಿ ಮೈನ್, ಅಂದ್ರೆ ಹಡಗು ತಾಗಿದ್ರೆ ಸಿಡಿಯೋ ಬಾಂಬು, ಹುಡುಕೋಕೆ ಟ್ರಾಲರಿಗಿಂತ ಬೇರೆ ಬೇಕಾ, ವಿಂಚಿದೆ, ಉಕ್ಕಿನ ಹಗ್ಗ ಇದೆ, ಹಗ್ಗ ಎಳೆದು ಕೈ ಬೆಂದ ಜನ ಇದ್ದಾರೆ. 1910ರಲ್ಲೇ ನೌಕಾ ಮೀಸಲು ಪಡೇಲಿ ಟ್ರಾಲರ್ ವಿಭಾಗ ಅಂತ ಮಾಡಿದ್ರು. ಎರಡು ಟ್ರಾಲರ್ ಜೊತೆಜೊತೆಗೆ ಹೋಗ್ತಾ ನಡುವೆ ಉಕ್ಕಿನ ಹಗ್ಗ ಎಳೆದ್ರೆ ಮೈನಿನ ಸರಪಳಿ ಕತ್ತರಿಸಿ ಅದು ಮೇಲೆ ತೇಲುತ್ತೆ, ರೈಫಲಲ್ಲಿ ಹೊಡೆಯೋದು. ಮೊದಲನೇ ಮಹಾಯುದ್ಧದಲ್ಲಿ ಸಾವಿರಕ್ಕೂ ಹೆಚ್ಚು ಟ್ರಾಲರ್ ನೌಕಾಪಡೆ ಕೆಲಸಕ್ಕೆ ಹೋದ್ವು, ನೂರಾರು ವಾಪಸ್ ಬರಲಿಲ್ಲ.

ಪ್ರಶ್ನೆ: ಅವರು ಅತಿ ಹೆಚ್ಚು ಹೆದರ್ತಿದ್ದಿದ್ದು ಬಿರುಗಾಳಿಗಾ?

ಬಿರುಗಾಳಿ ಜೊತೆ ಚಳಿ ಸೇರಿದ್ರೆ. ಐಸ್‌ಲ್ಯಾಂಡಿನ ಉತ್ತರಕ್ಕೆ ಚಳಿಗಾಲದಲ್ಲಿ ಹಾರಿದ ನೀರು ಹಡಗಿಗೆ ತಾಗಿದ್ದೇ ಐಸಾಗುತ್ತೆ, ಕಂಬ, ಹಗ್ಗ, ಕಟಾಂಜನ ಎಲ್ಲದರ ಮೇಲೂ ದಪ್ಪ ಕಟ್ಕೊಂಡು ಮೇಲ್ಭಾಗ ಭಾರ ಆಗಿ ಹಡಗು ಒಂದು ಸಲ ವಾಲಿದ್ರೆ ಎದ್ದು ನಿಲ್ಲಲ್ಲ. ಎಲ್ಲರೂ ಕೊಡಲಿ, ಸುತ್ತಿಗೆ, ಕೈಗೆ ಸಿಕ್ಕಿದ್ದು ತಗೊಂಡು ಐಸ್ ಒಡೀತಾನೇ ಇರ್ಬೇಕು, ನಿದ್ದೆ ಮಾಡಿದ್ರೆ ಅಷ್ಟೇ. 1955ರ ಜನವರಿ 26ರಂದು ಹಲ್‌ನ 'ಲೊರೆಲ್ಲಾ', 'ರೊಡೆರಿಗೋ' ಅನ್ನೋ ಎರಡು ಟ್ರಾಲರ್ ಹೀಗೇ ಮಗುಚಿದ್ವು, ಕೆಲವೇ ಗಂಟೆ ಅಂತರದಲ್ಲಿ, 40 ಜನ. ಒಬ್ಬರೂ ಉಳೀಲಿಲ್ಲ.

ಪ್ರಶ್ನೆ: ಸ್ಟೀಮ್ ಟ್ರಾಲರ್ ಯಾಕೆ ಹೋಯ್ತು? ಈಗ ಎಲ್ಲಾದ್ರೂ ನೋಡೋಕೆ ಸಿಗುತ್ತಾ?

ಹೋಗಿದ್ದು ಡೀಸೆಲ್ ದೆಸೆಯಿಂದ. ಡೀಸೆಲ್ಲಿಗೆ ಜಾಗ ಕಮ್ಮಿ, ಸಲಿಕೆ ಬೇಡ, ಟ್ರಿಮ್ಮರ್ ಬೇಡ. ಎರಡನೇ ಯುದ್ಧದ ನಂತರ ಎಷ್ಟೋ ಸ್ಟೀಮ್ ಟ್ರಾಲರ್‌ಗಳು ಕಲ್ಲಿದ್ದಲು ಬಿಟ್ಟು ಎಣ್ಣೆ ಉರಿಸಿ ಒಂದಷ್ಟು ಕಾಲ ತಳ್ಳಿದ್ವು. 1954ರಲ್ಲಿ 'ಫೇರ್‌ಟ್ರೈ' ಅನ್ನೋ ಹಿಂದಿನಿಂದ ಬಲೆ ಎಳೆದು ಒಳಗೇ ಮೀನು ಕತ್ತರಿಸಿ ಫ್ರೀಜ್ ಮಾಡೋ ಹಡಗು ಬಂದ್ಮೇಲೆ ಪಕ್ಕದಿಂದ ಎಳೆಯೋ ಹಡಗುಗಳ ಕಾಲ ಮುಗೀತಾ ಬಂತು ಅಂತ ಎಲ್ಲರಿಗೂ ಗೊತ್ತಾಯ್ತು.

ನೋಡೋಕೆ ಸಿಗುತ್ತೆ, ಸ್ವಲ್ಪ ದೂರ ಅಷ್ಟೇ. 'ವಯೋಲಾ' ಅಂತ ಒಂದು, 1906ರಲ್ಲಿ ಹಲ್ ಹತ್ತಿರದ ಬೆವರ್ಲೀಲಿ ಕಟ್ಟಿದ್ದು, ಮೊದಲು ಆ ಪೆಟ್ಟಿಗೆ ಫ್ಲೀಟಲ್ಲಿ ಮೀನು ಹಿಡೀತು, ಮೊದಲನೇ ಯುದ್ಧಕ್ಕೆ ಹೋಗಿ ಸಬ್‌ಮರೀನ್ ಬೇಟೆ ಆಡ್ತು, ಆಮೇಲೆ ನಾರ್ವೆಯವರ ಕೈಗೆ ಹೋಗಿ ತಿಮಿಂಗಿಲ ಹಿಡೀತು, 'ಡಯಾಸ್' ಅಂತ ಹೆಸರು ಬದಲಾಯ್ತು, ಅಲ್ಲಿಂದ ಅರ್ಜೆಂಟೀನಾದ ಕಂಪನಿ ತಗೊಂಡು ದಕ್ಷಿಣ ಜಾರ್ಜಿಯಾ ದ್ವೀಪದಲ್ಲಿ ಸೀಲ್ ಬೇಟೆಗೆ ಹಚ್ತು. ಆ ಬೇಟೆ 1960ರ ದಶಕದಲ್ಲಿ ನಿಂತಾಗ ಇದನ್ನ ಗ್ರಿಟ್ವಿಕನ್ ಅನ್ನೋ ಜಾಗದಲ್ಲಿ ಕಟ್ಟಿಹಾಕಿ ಜನ ಹೊರಟುಹೋದ್ರು. ಅಂಟಾರ್ಕ್ಟಿಕಾ ಸಾಹಸಿ ಶ್ಯಾಕಲ್ಟನ್ ಸಮಾಧಿ ಇರೋದೂ ಅಲ್ಲೇ. 1974ರಲ್ಲಿ ಕಟ್ಟಿದಲ್ಲೇ ಮುಳುಗ್ತು, 2004ರಲ್ಲಿ ಎತ್ತಿ ದಡಕ್ಕೆ ತಂದಿದ್ದಾರೆ. ಹಲ್‌ಗೆ ವಾಪಸ್ ತರ್ಬೇಕು ಅಂತ ಅಲ್ಲಿಯೋರು ಟ್ರಸ್ಟ್ ಮಾಡ್ಕೊಂಡಿದ್ದಾರೆ. 1906ರ ಆ ಇಂಜಿನ್ ಇವತ್ತಿಗೂ ಅದರೊಳಗೇ ಇದೆ, ತುಕ್ಕು ಹಿಡ್ಕೊಂಡು, ಸುತ್ತ ಪೆಂಗ್ವಿನ್ನು, ಸೀಲು ಓಡಾಡ್ಕೊಂಡಿರ್ತವೆ. ಟೂರಿಸ್ಟ್ ಹಡಗುಗಳು ಆ ಕಡೆ ಹೋಗ್ತವೆ. ಟಿಕೆಟ್ ಎಷ್ಟು ಅಂತ ಮಾತ್ರ ನನ್ನ ಕೇಳಬೇಡಿ, ಕೇಳಿದ ರಾತ್ರಿ ನನಗೂ ನಿದ್ದೆ ಬಂದಿರಲಿಲ್ಲ.